ದಶಮಾಂಶದಿಂದ ಭಿನ್ನರಾಶಿ: ಗಣಿತ ಶಿಕ್ಷಕಿಯೊಂದಿಗೆ ಪ್ರಶ್ನೋತ್ತರ

ಏಳನೇ ಕ್ಲಾಸಿನ ಅಮ್ಮ: ಮೇಡಂ, 0.375 ಅನ್ನು ಸಂಕ್ಷಿಪ್ತ ಭಿನ್ನರಾಶಿ ಮಾಡೋದು ಹೇಗೆ? ಮಗಳು 375/1000 ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದಾಳೆ.

ಗಣಿತ ಶಿಕ್ಷಕಿ: ಅಲ್ಲಿವರೆಗೆ ಸರಿಯಾಗಿಯೇ ಮಾಡಿದ್ದಾಳೆ. ಬಿಂದುವಿನ ಆಚೆ ಮೂರು ಅಂಕಿ, ಹಾಗಾಗಿ ಛೇದ 1000. ಇನ್ನು ಮೇಲೆ ಕೆಳಗೆ ಎರಡನ್ನೂ 5ರಿಂದ ಭಾಗಿಸುತ್ತಾ ಹೋಗಲಿ: 75/200, 15/40, 3/8. ಛೇದ 10, 100, 1000 ಹೀಗಿದ್ದಾಗ ಅದರ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರ. 3, 7, 11 ಅಂತ ಹುಡುಕುತ್ತಾ ಕೂರೋದು ಬೇಡ.

ಹೊಸ ಸದಸ್ಯ: 0.65?

ಗಣಿತ ಶಿಕ್ಷಕಿ: 13/20. ಮೇಲಿನ ವಿಧಾನವೇ.

ದಿನಕ್ಕೊಂದು ಟ್ರಿಕ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಹಂಚಿ! "ಮುಗಿಯದ ದಶಮಾಂಶವೇ? ಎಷ್ಟು ಅಂಕಿಯೋ ಅಷ್ಟು 9 ಕೆಳಗೆ ಬರೆಯಿರಿ, ಉತ್ತರ ಸಿದ್ಧ!"

ಗಣಿತ ಶಿಕ್ಷಕಿ: ದಯವಿಟ್ಟು ಹಂಚಬೇಡಿ. 0.272727…ಕ್ಕೆ 27/99, ಅಂದರೆ 3/11, ಸರಿ. ಅದೇ ಧೈರ್ಯದಲ್ಲಿ 0.1666…ಕ್ಕೆ 16/99 ಬರೆದರೆ ಅದು 0.161616… ಆಗುತ್ತೆ. ಇಲ್ಲಿ ಆವರ್ತಿಸೋದು 6 ಮಾತ್ರ, 1 ಅಲ್ಲ. ಸಂಖ್ಯೆ x ಆಗಿರಲಿ. 100x = 16.666…, 10x = 1.666…. ಒಂದರಿಂದ ಇನ್ನೊಂದು ಕಳೆದರೆ 90x = 15, x = 1/6. ಈ ಫಾರ್ವರ್ಡ್ ನಂಬಿ ಮಕ್ಕಳು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಡಿಪ್ಲೊಮಾ ವಿದ್ಯಾರ್ಥಿ: ಎರಡು ಚಿಕ್ಕ ಪೂರ್ಣಸಂಖ್ಯೆ ಭಾಗಿಸಿದ್ದೆ, ಯಾವುವು ಅಂತ ಬರೆದಿಟ್ಟಿಲ್ಲ. ಕ್ಯಾಲ್ಕುಲೇಟರ್ 0.41176471 ತೋರಿಸ್ತಿದೆ. 41176471/100000000 ಬರೆದೆ, ಏನು ಮಾಡಿದರೂ ಚಿಕ್ಕದಾಗ್ತಿಲ್ಲ.

ಗಣಿತ ಶಿಕ್ಷಕಿ: ಆಗೋದೂ ಇಲ್ಲ. ಅಂಶದ ಕೊನೆಯಂಕಿ 1, ಅಂದಮೇಲೆ 2ಕ್ಕೂ ಸಿಗಲ್ಲ, 5ಕ್ಕೂ ಸಿಗಲ್ಲ. ನಿಜವಾದ ತೊಂದರೆ ಬೇರೆಯೇ ಇದೆ. ಪರದೆಯ ಮೇಲಿರೋದು ನಿಮ್ಮ ಸಂಖ್ಯೆ ಅಲ್ಲ, ಎಂಟನೇ ಅಂಕಿಗೆ ದುಂಡಾಗಿಸಿದ ಅಂದಾಜು. ಅದನ್ನೇ ನಿಖರ ಅಂತ ನಂಬಿ ಛೇದ ಬರೆಯೋದನ್ನು ಕಾಲೇಜಿನ ಮಕ್ಕಳಲ್ಲೂ ನೋಡ್ತಿದ್ದೀನಿ, ನನಗೆ ಅದೇ ಚಿಂತೆ.

ಹೀಗೆ ಮಾಡಿ. 1ನ್ನು ಇದರಿಂದ ಭಾಗಿಸಿ: 2.4285714. ಪೂರ್ಣಾಂಕ 2 ಬದಿಗಿಡಿ. ಉಳಿದ 0.4285714ರಿಂದ ಮತ್ತೆ 1ನ್ನು ಭಾಗಿಸಿ: 2.333333… ಹತ್ತಿರ ಬರುತ್ತೆ. ಮತ್ತೆ 2 ಬದಿಗಿಡಿ. ಉಳಿದದ್ದನ್ನೂ ಹಾಗೇ ಮಾಡಿದರೆ ಹೆಚ್ಚುಕಡಿಮೆ 3. ಪೂರ್ಣಸಂಖ್ಯೆಗೆ ಇಷ್ಟು ಹತ್ತಿರ ಬಂದರೆ ನಿಲ್ಲಿಸಿ, ಹಿಂದಕ್ಕೆ ಬನ್ನಿ: 2 + 1/3 = 7/3. ತಿರುಗಿಸಿ, 3/7. 2 + 3/7 = 17/7. ತಿರುಗಿಸಿ, 7/17. ಈಗ 7ನ್ನು 17ರಿಂದ ಕೈಯಲ್ಲೇ ಭಾಗಿಸಿ: 0.41176470588…. ಎಂಟನೇ ಅಂಕಿಗೆ ದುಂಡಾಗಿಸಿದರೆ ನಿಮ್ಮ ಪರದೆಯಲ್ಲಿದ್ದದ್ದೇ. ತಾಳೆ ನೋಡದೆ ಮಾತ್ರ ಬರೆಯಬೇಡಿ.

ಡಿಪ್ಲೊಮಾ ವಿದ್ಯಾರ್ಥಿ: 7/17! ಹೌದು, ಅದೇ. ತುಂಬಾ ಥ್ಯಾಂಕ್ಸ್ ಮೇಡಂ.

ರಾತ್ರಿ ಓದುಗ: √2ಕ್ಕೆ 1.414 ತಗೊಂಡು 707/500 ಬರೆದರೆ ಮಾರ್ಕ್ಸ್ ಕೊಡ್ತಾರಾ?

ಶೂನ್ಯಮಿತ್ರ: ಆ 9ರ ಲೆಕ್ಕದಲ್ಲಿ 0.999… ಅಂದರೆ 9/9, ಅಂದರೆ 1 ಆಗಿಬಿಡುತ್ತೆ. ನಾನಂತೂ ಒಪ್ಪಲ್ಲ. ಎಷ್ಟು 9 ಬರೆದರೂ 1ಕ್ಕೆ ಚೂರು ಕಮ್ಮಿನೇ.

ಲೆಕ್ಕಪ್ರಿಯ: 1/3 = 0.333… ಒಪ್ತೀರಲ್ವಾ? ಎರಡೂ ಕಡೆ 3ರಿಂದ ಗುಣಿಸಿ.

ಶೂನ್ಯಮಿತ್ರ: ಅದೂ ಅಂದಾಜೇ.

ಲೆಕ್ಕಪ್ರಿಯ: ಅಂದಾಜಲ್ಲ ಸ್ವಾಮಿ! ಎಲ್ಲೋ ಒಂದು ಕಡೆ ನಿಲ್ಲಿಸಿದರೆ ಅಂದಾಜು. ನಿಲ್ಲಿಸದಿದ್ದರೆ ಸಮವೇ. ಬೇರೆ ಬೇರೆ ಸಂಖ್ಯೆ ಅಂತೀರಾದರೆ ಎರಡರ ನಡುವೆ ಬರೋ ಸಂಖ್ಯೆ ಒಂದು ಹೇಳಿ ನೋಡೋಣ.

ದಿನಕ್ಕೊಂದು ಟ್ರಿಕ್: ನೋಡಿ, ನನ್ನ ಟ್ರಿಕ್ಕೇ ಸರಿಯಾಯ್ತು.

ಗಣಿತ ಶಿಕ್ಷಕಿ: ಆವರ್ತಿಸೋ ಅಂಕಿಗಳು ದಶಮಾಂಶ ಬಿಂದುವಿನ ಪಕ್ಕದಲ್ಲೇ ಶುರುವಾದರೆ ಮಾತ್ರ ಸರಿ. ಆ ಷರತ್ತು ಸೇರಿಸಿ, ಇಲ್ಲಾ ಪೋಸ್ಟ್ ಅಳಿಸಿ. ಲೆಕ್ಕಪ್ರಿಯ ಹೇಳಿದ್ದು ಸರಿ, 0.999… 1ಕ್ಕೆ ಸಮ.

ಹೊಸ ಸದಸ್ಯ: 0.85?

ಗಣಿತ ಶಿಕ್ಷಕಿ: ಮೇಲೆ ಓದಿ.

ಶೂನ್ಯಮಿತ್ರ: ನಡುವಿನ ಸಂಖ್ಯೆ ಕೇಳಿದ್ರಲ್ಲ, ತಗೊಳ್ಳಿ: 0.999…, ಕೊನೆಯಲ್ಲಿ 5.

ಲೆಕ್ಕಪ್ರಿಯ: ಮುಗಿಯದ ಸಾಲಿಗೆ ಕೊನೆ ಎಲ್ಲಿಂದ ತಂದಿರಿ?