ಅರವತ್ತರ ಮೇಲೆ ಮತ್ತೆ ಕಸೂತಿ: ಎಳೆ ಕಾಣುತ್ತಿಲ್ಲ, ಗವಂತಿಯಲ್ಲಿ ಖಾಲಿ ಉಳಿಯುತ್ತಿದೆ

ಇಳಕಲ್ ಸೆರಗು:
ನಮಸ್ಕಾರ. ವಯಸ್ಸು 64, ಕಸೂತಿ ಬಿಟ್ಟು 35 ವರ್ಷ. ಈಗ ಹಿಡಿದಿರುವುದು ಕಪ್ಪು ಇಳಕಲ್ ಸೀರೆ, ಸೆರಗಿನ ಹತ್ತಿರ ಗೋಪುರದ ಸಾಲು. ಪ್ರೊಗ್ರೆಸಿವ್ ಕನ್ನಡಕ ಹಾಕಿದರೂ ಎಳೆ ಎಣಿಸಲು ಆಗುತ್ತಿಲ್ಲ. ಗವಂತಿಯಲ್ಲಿ (ಒಂದು ಬಿಟ್ಟು ಒಂದು ಹೊಲಿದು ಹೋಗಿ, ಬರುವಾಗ ಖಾಲಿ ತುಂಬುವ ಹೊಲಿಗೆ) ಮರಳಿ ಬರುವಾಗ ಕೆಲವು ಕಡೆ ಖಾಲಿ ಉಳಿಯುತ್ತದೆ, ಕೆಲವು ಕಡೆ ಹೊಲಿಗೆಯ ಮೇಲೇ ಹೊಲಿಗೆ ಬೀಳುತ್ತದೆ. ಅರ್ಧ ಗಂಟೆಗೆ ಹೆಬ್ಬೆರಳಿನ ಬುಡ ನೋಯಲು ಶುರು. ಸೀರೆಯನ್ನೇ ಮುಂದುವರಿಸಲೇ, ಬೇರೆ ಬಟ್ಟೆ ತೆಗೆದುಕೊಳ್ಳಲೇ?

ಸೂಜಿಮೊನೆ:
ಸದ್ಯಕ್ಕೆ ಸೀರೆ ಮಡಚಿಡಿ ಅಕ್ಕ. ಮೊದಲ ಎರಡು ತಿಂಗಳಿಗೆ ತಿಳಿ ಬಣ್ಣದ ಮ್ಯಾಟಿ ಬಟ್ಟೆ ಸಾಕು, ಇಂಚಿಗೆ 11 ಅಥವಾ 14 ಚೌಕ ಇರುವಂಥದ್ದು. ಒಂದು ಚೌಕಕ್ಕೆ ಒಂದು ಹೊಲಿಗೆ, ಎಳೆ ಎಣಿಸುವ ಗೋಜಿಲ್ಲ. ಆಮೇಲೆ ಇಂಚಿಗೆ 28 ಎಳೆಯ ಹತ್ತಿ ಬಟ್ಟೆ, ಎರಡೆರಡು ಎಳೆಗೆ ಒಂದು ಹೊಲಿಗೆ. ಹೊಲಿಗೆಯ ಅಳತೆ 14ರ ಚೌಕದಷ್ಟೇ ಇರುತ್ತದೆ, ಆದರೆ ಕಣ್ಣಿಗೆ ಎಣಿಕೆ ಅಭ್ಯಾಸವಾಗುತ್ತದೆ. ಇಳಕಲ್ ಅದಾದ ಮೇಲೆ.

ಕನ್ನಡಕದ ಮಾತು. ಪ್ರೊಗ್ರೆಸಿವ್‌ನಲ್ಲಿ ಹತ್ತಿರದ ನೋಟಕ್ಕಿರುವ ಜಾಗ ಕೆಳಗಡೆ, ಅದೂ ಕಿರಿದು. ಕಸೂತಿಗೆ ಅದು ಒಗ್ಗುವುದಿಲ್ಲ. ಬಟ್ಟೆ ಬಿಗಿಯುವ ರಿಂಗ್ ಹಿಡಿದು ಕೂತಾಗ ಕಣ್ಣಿನಿಂದ ಬಟ್ಟೆಗೆ ಎಷ್ಟು ದೂರವೆಂದು ಮನೆಯವರಿಂದ ಟೇಪಿನಲ್ಲಿ ಅಳೆಸಿ, ಆ ಅಂಕಿಯನ್ನು ಕಣ್ಣಿನ ಡಾಕ್ಟರಿಗೆ ಹೇಳಿ. ಓದುವ ಕನ್ನಡಕ ಸಾಮಾನ್ಯವಾಗಿ 40 ಸೆಂ.ಮೀ. ದೂರಕ್ಕೆ ಕೊಡುತ್ತಾರೆ; ಕಸೂತಿ ನಡೆಯುವುದು 30ರ ಆಸುಪಾಸಿನಲ್ಲಿ. ಎಳೆ ಮಸುಕಾಗುವುದು ಆ ಹತ್ತು ಸೆಂಟಿಮೀಟರಿನಲ್ಲೇ. ದೀಪದ ಸುತ್ತ ಬೆಳಕು ಚೆದುರಿದಂತೆ ಕಂಡರೆ ಪೊರೆ ಬಂದಿದೆಯೇ ಎಂದೂ ನೋಡಿಸಿ, ಭೂತಗನ್ನಡಿ ಕೊಳ್ಳುವುದು ಆಮೇಲೆ. ಕಪ್ಪು ಬಟ್ಟೆ ಹಿಡಿದಾಗ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ. ಎಳೆಗಳ ನಡುವಿನ ಸಂದಿಯಲ್ಲಿ ಬಿಳುಪು ಇಣುಕಿ, ಸೂಜಿ ಎಲ್ಲಿ ಇಳಿಯಬೇಕೆಂದು ತಿಳಿಯುತ್ತದೆ.

ಧಾರವಾಡ ಕಟ್ಟಿ:
ಅಕ್ಕಾರ, ಗವಂತಿ ತಪ್ಪೂದು ಕೈಯಿಂದಲ್ಲ, ದಾರಿಯಿಂದ. ಸೂಜಿ ಹಿಡಿಯೂಕಿಂತ ಮೊದಲ ಚೌಕದ ಹಾಳಿ ಮ್ಯಾಲ ಪೆನ್ಸಿಲಿಂದ ದಾರಿ ಬರ್ಕೊಳ್ರಿ. ಸರಳ ಗೆರಿ ಆದ್ರ ಹೋಗೂಮುಂದ ಒಂದು ಬಿಟ್ಟು ಒಂದು, ಬರೂಮುಂದ ಬಿಟ್ಟಿದ್ದು ತುಂಬೂದು, ಅದು ತಪ್ಪೂದಿಲ್ಲ. ತಪ್ಪೂದು ಕವಲಿನ್ಯಾಗ. ನಡುಗೆರಿ ಹಿಡದು ಹೊಂಟೀರಿ, ಎಡಕ್ಕ ಮೂರು ಹೊಲಿಗಿ ಉದ್ದದ ಒಂದು ಟೊಂಗಿ ಬಂತು ಅಂದ್ರ ಅಲ್ಲೇ ತಿರುಗಿ, ತುದಿತನಕ ಹೋಗಿ, ಖಾಲಿ ತುಂಬಕೋತ ಬುಡಕ್ಕ ಬಂದು, ಆಮ್ಯಾಲ ನಡುಗೆರಿ ಮುಂದುವರಿಸ್ರಿ. ಬರೂಮುಂದ ಮಾಡಿದ್ರೂ ನಡೀತದ, ಆದ್ರ ಒಂದೆರಡು ಟೊಂಗಿ ಮರತ ಹೋಗ್ತಾವ.

ಪರೀಕ್ಷಾ ಹಿಂಗ ಮಾಡ್ರಿ: ಟೊಂಗಿಗೆ ಹೋಗೂಮುಂದ ಸೂಜಿ ಬಟ್ಟಿಯ ಯಾವ ಬದಿಗೆ ಇತ್ತೋ, ಬುಡಕ್ಕ ಬಂದಾಗ ಅದ ಬದಿಗೆ ಇರಬೇಕು. ಹೋಗಲಿಕ್ಕೆ ಮೂರು, ಬರಲಿಕ್ಕೆ ಮೂರು, ಒಟ್ಟು ಆರು; ಟೊಂಗಿ ಎಷ್ಟ ಉದ್ದ ಇದ್ರೂ ಒಟ್ಟು ಸರಿಸಂಖ್ಯೆನ ಬರ್ತದ. ಸೂಜಿ ಬ್ಯಾರೆ ಬದಿಗೆ ಇದ್ರ ಒಂದು ಹೊಲಿಗಿ ತಪ್ಪೇದ ಅಂತ ತಿಳ್ಕೊಂಡು ಅಲ್ಲೇ ಬಿಚ್ರಿ. ಮುರ್ಗಿ ಹೊಲಿಗಿಗೂ ಇದ ಲೆಕ್ಕ. ಅದು ಮೆಟ್ಟಿಲು ಇದ್ದಂಗ, ಹೋಗೂಮುಂದ ಅಡ್ಡ ಹೊಲಿಗಿ ಮ್ಯಾಲ ಬಿದ್ರ ಉದ್ದದ್ದು ಕೆಳಗ, ಬರೂಮುಂದ ಅದಲು ಬದಲು. ಎರಡೂ ಬದಿ ಒಂದ ಥರ ಕಾಣೂದು ಗವಂತಿ, ಮುರ್ಗಿ ಮಾತ್ರ. ಕಸೂತಿಯ ಉಳಿದೆರಡು ಹೊಲಿಗಿ, ನೇಯ್ಗಿ, ಮೆಂಥೆ, ಹಿಂದ ಬ್ಯಾರೆ ಕಾಣಸ್ತಾವ, ಹೆದರಬ್ಯಾಡ್ರಿ.

ಇಳಕಲ್ ಸೆರಗು:
ಟೊಂಗೆಯ ಲೆಕ್ಕ ತಿಳಿಯಿತು, ಧನ್ಯವಾದ. ಆದರೆ ತುಳಸಿಕಟ್ಟೆಯ ಚೌಕದಲ್ಲಿ ಟೊಂಗೆಯೇ ಇಲ್ಲ, ಅಲ್ಲೂ ಹೊಲಿಗೆಯ ಮೇಲೆ ಹೊಲಿಗೆ ಬೀಳುತ್ತಿದೆ. ಮತ್ತೆ ಗೋಪುರ ಹಾಳೆಯಲ್ಲಿ ಇರುವುದಕ್ಕಿಂತ ಕುಳ್ಳಾಗುತ್ತಿದೆ.

ಧಾರವಾಡ ಕಟ್ಟಿ:
ಚೌಕ ಸುತ್ತಿ ಶುರುಮಾಡಿದ ಜಾಗಕ್ಕ ಬಂದ ಮ್ಯಾಲ ಅದ ದಿಕ್ಕಿಗೆ ಮತ್ತ ಹೊಂಟೀರಿ, ಅದಕ್ಕ. ಚೌಕದ ಸುತ್ತಳತಿ ಯಾವಾಗಲೂ ಸರಿಸಂಖ್ಯೆ ಹೊಲಿಗಿ. ಹಂಗಾಗಿ ಎರಡನೇ ಸುತ್ತಿನ್ಯಾಗ ಮ್ಯಾಲಿನ ಹೊಲಿಗಿ ಮ್ಯಾಲಿಂದರ ಮ್ಯಾಲನ ಬೀಳ್ತದ. ಬಂದ ದಾರಿ ಹಿಡದು ತಿರುಗಿ ಹೋಗ್ರಿ.

ಸೂಜಿಮೊನೆ:
ಗೋಪುರ ಕುಳ್ಳಾಗುವುದು ಬಟ್ಟೆಯ ದೋಷ. ಹಾಸು ಹೊಕ್ಕುಗಳ ದಟ್ಟಣೆ ಬೇರೆ ಬೇರೆ ಇರಬಹುದು. ಸ್ಕೇಲಿಟ್ಟು ಒಂದು ಇಂಚಿನಲ್ಲಿ ಎರಡೂ ಕಡೆ ಎಣಿಸಿ. ಅಗಲಕ್ಕೆ 24, ಎತ್ತರಕ್ಕೆ 28 ಬಂತೆನ್ನಿ: 84 ಎಳೆ ಅಗಲ, 84 ಎಳೆ ಎತ್ತರದ ಗೋಪುರ ಮೂರೂವರೆ ಇಂಚು ಅಗಲವಾಗಿ, ಮೂರೇ ಇಂಚು ಎತ್ತರವಾಗುತ್ತದೆ. ನಕ್ಷೆಯ ಎತ್ತರಕ್ಕೆ 14 ಎಳೆಯಷ್ಟು ಮೆಟ್ಟಿಲು ಸೇರಿಸಿ ಸರಿದೂಗಿಸಿ, ಹೊಲಿಗೆಯನ್ನು ಎಳೆದು ಸರಿಮಾಡಲು ಹೋಗಬೇಡಿ, ಬಟ್ಟೆ ಸುಕ್ಕಾಗುತ್ತದೆ. ಹತ್ತತ್ತು ಎಳೆಗೆ ಒಂದರಂತೆ ತಿಳಿ ಬಣ್ಣದ ಹೊಲಿಗೆ ದಾರದಲ್ಲಿ ಕಚ್ಚಾ ಗೆರೆ ಹಾಕಿಕೊಂಡರೆ ತಪ್ಪು ಹತ್ತರೊಳಗೇ ಸಿಕ್ಕಿಬೀಳುತ್ತದೆ.

ಮೆಂಥೆಕಾಳು:
ಕೈನೋವಿಗೆ ಅರ್ಧ ಕಾರಣ ಸೂಜಿ ಇರಬಹುದು. ಚೂಪು ಸೂಜಿ ಹಳೆಯ ಹೊಲಿಗೆಯನ್ನೇ ಸೀಳುತ್ತದೆ, ಮತ್ತೆ ಎಳೆದು ತೆಗೆಯಬೇಕು. ಮೊಂಡು ಮೊನೆಯ ಟೇಪೆಸ್ಟ್ರಿ ಸೂಜಿ ಕೇಳಿ ತನ್ನಿ: ಮ್ಯಾಟಿಗೆ 24ನೇ ನಂಬರು, ಸಣ್ಣ ಎಳೆಗೆ 26. ಇನ್ನರ್ಧ ರಿಂಗ್ ಹಿಡಿಯುವ ಬಿಗಿ. ಮೇಜಿಗೆ ಕಚ್ಚಿಸುವ ಸ್ಟ್ಯಾಂಡ್ ಇದ್ದರೆ ಎಡಗೈ ಬಿಡುವಾಗುತ್ತದೆ. 20 ನಿಮಿಷಕ್ಕೆ ಗಡಿಯಾರ ಇಟ್ಟು ಸೂಜಿ ಕೆಳಗಿಡಿ, ನೋವು ಬರುವ ಮೊದಲೇ. ವಾರಗಟ್ಟಲೆ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ದಾರ 45 ಸೆಂ.ಮೀ. ಮೀರದಿರಲಿ, ಉದ್ದವಾದರೆ ಬಟ್ಟೆಯೊಳಗೆ ಹಾದು ಹಾದು ಜುಂಗು ಏಳುತ್ತದೆ. ಆರೆಳೆಯ ದಾರದಿಂದ ಎರಡು ಎಳೆಯನ್ನು ಒಂದೊಂದಾಗಿ ಬಿಡಿಸಿ ಜೋಡಿಸಿ. ಗಂಟು ಹಾಕದೆ 5 ಸೆಂ.ಮೀ. ಬಾಲ ಬಿಟ್ಟು, ಕೊನೆಗೆ ಅದನ್ನು ಸೂಜಿಗೆ ಪೋಣಿಸಿ ಹೊಲಿಗೆಗಳ ಅಡಿಯಲ್ಲೇ ಹಾಯಿಸಿ.

ಎಳೆ ಎಣಿಸಲಾಗದ ರೇಷ್ಮೆಗೆ ಮೇಲೆ ಕ್ಯಾನ್ವಾಸ್ ಕಚ್ಚಾ ಹಾಕಿ, ಅದರ ತೂತಿನಲ್ಲೇ ಹೊಲಿದು, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಚಿಮಟಿಗೆಯಿಂದ ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಸೂಜಿ ಕ್ಯಾನ್ವಾಸಿನ ಎಳೆಯನ್ನು ಚುಚ್ಚಿದ್ದರೆ ಅದು ಬರುವುದಿಲ್ಲ; ರೇಷ್ಮೆಯನ್ನು ಚುಚ್ಚಲು ಅಲ್ಲಿ ಚೂಪು ಸೂಜಿ ಬೇಕು, ಅದನ್ನು ತೂತಿನ ನಡುವೆಯೇ ಇಳಿಸಿ. ಗಂಜಿ ಹಾಕಿದ ಕ್ಯಾನ್ವಾಸ್ ಬಿಡಿಸಲು ಒದ್ದೆ ಮಾಡಬೇಕಾಗುತ್ತದೆ. ಆದ್ದರಿಂದ ಕೆಂಪು ದಾರ ಬಳಸುವ ಮೊದಲು ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ, ಬಣ್ಣ ಬಿಟ್ಟರೆ ಆ ಲಡಿಯನ್ನು ಸೀರೆಗೆ ಹಾಕಬೇಡಿ.