ಹಳೇ ಕಾರಿನ ರಿಮೋಟ್ ಲಾಕ್ ಒಂದಿನ ಸರಿ, ಒಂದಿನ ಇಲ್ಲ. ಎಲ್ಲಿಂದ ಹುಡುಕೋದು?

ತೀರ್ಥಹಳ್ಳಿ_ಕಾರು

ನಮಸ್ಕಾರ ಎಲ್ರಿಗೂ. ನಂದು 2008ರ ಮಾಡೆಲ್ ಪೆಟ್ರೋಲ್ ಸಣ್ಣ ಕಾರು, 2016ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಸೆಂಟ್ರಲ್ ಲಾಕಿಂಗ್ ಕಾರಿನ ಜೊತೆ ಬಂದಿದ್ದಲ್ಲ, ಮೊದಲಿನ ಓನರ್ ಹೊರಗಡೆ ಕಿಟ್ ಹಾಕಿಸಿದ್ದು. ಐದಾರು ತಿಂಗಳಿಂದ ಇದಕ್ಕೆ ತಲೆ ಕೆಟ್ಟಿದೆ. ಒಂದಿನ ಹತ್ತು ಹೆಜ್ಜೆ ದೂರದಿಂದ ಒತ್ತಿದ್ರೂ ಲಾಕ್ ಆಗತ್ತೆ, ಮಾರನೇ ದಿನ ಗ್ಲಾಸಿಗೇ ಹಿಡ್ಕೊಂಡು ಒತ್ತಿದ್ರೂ ಸುಮ್ನೆ ನಿಂತಿರತ್ತೆ. ಇನ್ನು ಕೆಲವು ಸಲ ನಾಲ್ಕೂ ಡೋರ್ ಟಕ್ ಅಂತ ಲಾಕ್ ಆಗಿ ಮರುಕ್ಷಣ ತಾನಾಗೇ ಅನ್‌ಲಾಕ್.

ಹೋದ ತಿಂಗಳು ಶಿವಮೊಗ್ಗದಲ್ಲಿ ಮದುವೆ, ಛತ್ರದ ಹೊರಗೆ ನಿಲ್ಲಿಸಿ ನಡ್ಕೊಂಡು ಹೋಗ್ತಾ ತಿರುಗೂ ನೋಡದೆ ರಿಮೋಟ್ ಒತ್ತಿ ಹೋಗಿದ್ದೆ, ಊಟ ಮುಗಿಸಿ ಬಂದ್ರೆ ಎಲ್ಲಾ ಡೋರೂ ಅನ್‌ಲಾಕ್, ಹಿಂದಿನ ಸೀಟಲ್ಲಿ ಅತ್ತೆಯವರ ರೇಷ್ಮೆ ಸೀರೆ ಬ್ಯಾಗು ಹಾಗೇ ಕೂತಿತ್ತು. ಪುಣ್ಯಕ್ಕೆ ಯಾರೂ ಮುಟ್ಟಿರ್ಲಿಲ್ಲ, ಆದ್ರೆ ಅತ್ತೆ ಬಾಯಿ ಮುಟ್ಟದೆ ಬಿಡಲಿಲ್ಲ ಬಿಡಿ.

ಇಲ್ಲೀವರೆಗೆ ಮಾಡಿದ್ದು: ರಿಮೋಟ್ ಸೆಲ್ ಎರಡು ಸಲ ಹೊಸದು ಹಾಕ್ದೆ, ಫ್ಯೂಸ್ ನೋಡ್ದೆ. ಇಲ್ಲಿನ ಎಲೆಕ್ಟ್ರಿಶಿಯನ್ ಒಬ್ರು ಪೂರ್ತಿ ಕಿಟ್ಟೇ ಬದಲಾಯಿಸಿ ಅಂತಾರೆ, ನಾಲ್ಕೂವರೆ ಸಾವಿರ ಹೇಳಿದ್ರು. ಅಷ್ಟು ಕೊಡೋ ಮುಂಚೆ ನಾನೇ ಏನಾದ್ರೂ ಪತ್ತೆ ಮಾಡಬಹುದಾ?

ಸೋಲ್ಡರ್_ಸ್ವಾಮಿ

ಕಿಟ್ ಆಮೇಲೆ ನೋಡೋಣ, ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿ. ಲಾಕ್ ಆಗದೇ ಇದ್ದಾಗ ಇಂಡಿಕೇಟರ್ ಮಿಂಚುತ್ತಾ ಇಲ್ವಾ? ಡ್ಯಾಶ್‌ಬೋರ್ಡ್ ಕೆಳಗಿರೋ ಕಿಟ್ಟಿನ ಕಂಟ್ರೋಲ್ ಬಾಕ್ಸಿಂದ ರಿಲೇ (ಒಳಗಿನ ಸ್ವಿಚ್) ಟಕ್ ಅನ್ನೋ ಸದ್ದು ಬರುತ್ತಾ? ಇಂಡಿಕೇಟರ್ ಮಿಂಚಿ ಡೋರ್ ಲಾಕ್ ಬೀಳಲಿಲ್ಲ ಅಂದ್ರೆ ರಿಮೋಟ್ ತನ್ನ ಕೆಲಸ ಮಾಡಿದೆ, ಬಾಕ್ಸಿಗೆ ಸಿಗ್ನಲ್ ಮುಟ್ಟಿದೆ, ತೊಂದರೆ ಅಲ್ಲಿಂದಾಚೆ ವೈರಲ್ಲೋ ಡೋರಿನ ಮೋಟರಲ್ಲೋ ಇದೆ. ಮಿಂಚಲೇ ಇಲ್ಲ ಅಂದ್ರೆ ರಿಮೋಟ್, ಆಂಟೆನಾ, ಇಲ್ಲಾ ಬಾಕ್ಸಿಗೆ ಬರೋ ಕರೆಂಟು. ಇಷ್ಟು ಗೊತ್ತಾದ್ರೆ ಅರ್ಧ ಕಾರು ಬಿಚ್ಚೋದು ಉಳಿಯತ್ತೆ.

ಸೆಲ್ ಬಗ್ಗೆ ಒಂದು ಮಾತು. ಹೊರಗಿನ ಕಿಟ್ಟಿನ ರಿಮೋಟಲ್ಲಿ ಹೆಚ್ಚಾಗಿ 12 ವೋಲ್ಟಿನ 23ಎ ಸೆಲ್ ಇರತ್ತೆ, ಗೋಡೆ ಗಡಿಯಾರದ ಸೆಲ್ಲಿಗಿಂತ ಪುಟ್ಟದು. ಅಂಗಡೀಲಿ ವರ್ಷಗಟ್ಲೆ ಕೂತಿದ್ದ ಸ್ಟಾಕ್ ಕೊಟ್ರೆ ಹೊಸದೂ ಹಳೇದೇ. ಮೀಟರಲ್ಲಿ ಬರೀ ಸೆಲ್ ನೋಡಿದ್ರೆ 12 ತೋರಿಸತ್ತೆ, ಬಟನ್ ಒತ್ತಿ ಹಿಡ್ಕೊಂಡು ನೋಡಿ, ಆಗ ಧೊಪ್ ಅಂತ ಬಿದ್ರೆ ಸೆಲ್ ಸತ್ತಿದೆ ಅಂತ. ಮನೇಲಿ ಎರಡನೇ ರಿಮೋಟ್ ಇದ್ರೆ ಅದರಲ್ಲೂ ಹೀಗೇ ಆಗುತ್ತಾ ನೋಡಿ.

ಹುಬ್ಬಳ್ಳಿ_ವೈರಿಂಗ್

ಅಣ್ಣಾರ, ಲಾಕ್ ಆಗಿ ತಾನ ಅನ್‌ಲಾಕ್ ಆಗತೈತಿ ಅಂದ್ರಲ್ಲ, ಅಲ್ಲೇ ಐತಿ ನೋಡ್ರಿ ಮಜಾ. ಈ ಕಿಟ್ಟಿನ್ಯಾಗ ಡ್ರೈವರ್ ಬಾಗಲದ ಮೋಟರಿಗೆ ಐದು ವೈರ್, ಉಳಿದ ಮೂರು ಬಾಗಲಕ್ಕ ಎರಡೆರಡ. ಎರಡು ವೈರ್ ಮೋಟರ್ ತಿರಗಸಾಕ, ಒಂದ್ ಕಡೆ ಕರೆಂಟ್ ಕೊಟ್ರ ಲಾಕ್, ಉಲ್ಟಾ ಕೊಟ್ರ ಅನ್‌ಲಾಕ್. ಡ್ರೈವರ್ ಬಾಗಲದಾಗಿನ ಹೆಚ್ಚಿನ ಮೂರು ವೈರ್ ಸ್ವಿಚ್ಚಿಂದು, ನೀವು ಕೀಲಿ ಹಾಕಿ ತೆಗದ್ರ "ತೆಗದಾನ ನೋಡ್" ಅಂತ ಬಾಕ್ಸಿಗೆ ಸುದ್ದಿ ಮುಟ್ಟಸಾಕ. ಆ ಸ್ವಿಚ್ ವೈರ್ ಎಲ್ಲೋ ಸುಲದು ಕರೀ (ಅರ್ಥಿಂಗ್) ವೈರಿಗೆ ಹತ್ತಿದ್ರ ಬಾಕ್ಸಿಗೆ ಏನ್ ಗೊತ್ತಾಗತೈತಿ, ಮಾಲಕರು ಕೀಲಿ ತಗದ್ರು ಅಂತ ತಿಳಕೊಂಡು ನಾಲ್ಕೂ ಬಾಗಲಾ ತಗದ ಬಿಡತೈತಿ.

ಎಲ್ಲಿ ಸುಲೀತಾವ ಅಂದ್ರ, ಬಾಗಲಾ ಮತ್ತ ಬಾಡಿ ನಡಕ ಹಿಂಜಿನ ಹತ್ರ ಒಂದು ರಬ್ಬರ್ ಕೊಳವಿ ಇರತೈತಲ್ಲ, ಅದರೊಳಗ. ಹದಿನೈದು ವರ್ಷ ಬಾಗಲಾ ತಗದು ಹಾಕಿ ಮಾಡಿದ್ರ ತಾಮ್ರ ಮುರೀದ ಏನ್ ಮಾಡೀತು? ಡ್ರೈವರ್ ಬಾಗಲಾನ ಎಲ್ಲಾಕ್ಕಿಂತ ಹೆಚ್ಚ ತಗಿಯೋದು, ಅದ ಮೊದಲ ಹೋಗತೈತಿ. ಒಬ್ರು ರಿಮೋಟ್ ಒತ್ತಕೋತ ಇರ್ರಿ, ಇನ್ನೊಬ್ರು ಆ ರಬ್ಬರ್ ಹಿಡದು ಅಳ್ಳಾಡಸ್ರಿ, ಬಾಗಲಾ ಅರ್ಧ ತಗದು ಒಮ್ಮೆ, ಪೂರ್ತಿ ತಗದು ಒಮ್ಮೆ. ನಮ್ ಗ್ಯಾರೇಜಿಗೆ ಬರೋ ಹಳೇ ಗಾಡ್ಯಾಗ ಇದ ಕೇಸ್ ಭಾಳ ನೋಡೇನಿ.

ಕಡಲ_ಕರೆ

ನಮ್ಮ ಕುಂದಾಪುರದ ಕಡೆ ಉಪ್ಪು ಗಾಳಿ, ಮಳೆಗಾಲ ನಾಲ್ಕು ತಿಂಗಳು, ಇಲ್ಲಿ ವೈರಿಗಿಂತ ಮೊದಲು ಲಾಕಿನ ಲಿವರೇ ಜಾಮ್ ಆಗೋದು ಮಾರಾಯ್ರೆ. ಕೈಯಲ್ಲಿ ನಾಬ್ ಎತ್ತಿ ಇಳಿಸಿ ನೋಡಿ, ಬಿಗಿ ಉಂಟು ಅಂತ ಅನ್ನಿಸಿದ್ರೆ ಆ ಪುಟ್ಟ ಮೋಟರ್ ಪಾಪ ಎಲ್ಲಿಂದ ಎಳೀಬೇಕು? ಅದಕ್ಕೆ ಸಿಗೋದೇ ಅರ್ಧ ಸೆಕೆಂಡಿನಷ್ಟು ಕರೆಂಟು. ವೈಟ್ ಲಿಥಿಯಂ ಗ್ರೀಸ್ ಸ್ವಲ್ಪ ಹಾಕಿ, ತೆಂಗಿನೆಣ್ಣೆ ಮಾತ್ರ ಬೇಡ, ನಾನು ಹಾಕಿ ಧೂಳು ಅಂಟಿ ಇನ್ನೂ ಹಾಳಾಯ್ತು. ಮತ್ತೆ ಕಾರಿನ ಬ್ಯಾಟರಿ ನೋಡಿ, ರಾತ್ರಿ ನಿಲ್ಲಿಸಿ ಬೆಳಿಗ್ಗೆ 12.6 ವೋಲ್ಟ್ ಇದ್ರೆ ಫುಲ್ ಅಂತ ಲೆಕ್ಕ, 12.2 ಅಂದ್ರೆ ಅರ್ಧ ಖಾಲಿ.

ತೀರ್ಥಹಳ್ಳಿ_ಕಾರು

ಎಲ್ರಿಗೂ ಥ್ಯಾಂಕ್ಸ್. ಒಂದು ವಾರ ಮಗಳ ರಫ್ ಬುಕ್ಕಲ್ಲಿ ಬರ್ದಿಟ್ಟೆ, ಎಲ್ಲಿ ನಿಲ್ಸಿದ್ದೆ, ಮಿಂಚಿತಾ ಇಲ್ವಾ, ಯಾವ ಡೋರ್ ಬಿತ್ತು ಅಂತ. ಬ್ಯಾಟರಿ ಬೆಳಿಗ್ಗೆ 12.5 ಇತ್ತು. ನಾಬ್‌ಗಳೆಲ್ಲ ಸಲೀಸು. ಆದ್ರೆ ವಿಚಿತ್ರ ಏನಂದ್ರೆ ಎರಡೂ ಥರ ಆಗ್ತಿದೆ. ಒಟ್ಟು ಹದಿನೆಂಟು ಸಲ ಕೈಕೊಟ್ಟಿದ್ರಲ್ಲಿ ಹನ್ನೊಂದು ಸಲ ಇಂಡಿಕೇಟರೇ ಮಿಂಚಲಿಲ್ಲ, ಏಳು ಸಲ ಮಿಂಚಿದೆ, ಆದ್ರೆ ಡ್ರೈವರ್ ಡೋರ್ ಬೀಳ್ಲಿಲ್ಲ ಅಥವಾ ಎಲ್ಲಾ ಬಿದ್ದು ವಾಪಸ್ ತೆಗ್ದುಕೊಳ್ತು. ಎರಡನೇ ರಿಮೋಟಲ್ಲೂ ಅದೇ ಕಥೆ. ಬಾಕ್ಸೇ ಹೋಗಿರಬೇಕು ಅಲ್ವಾ?

ಸೋಲ್ಡರ್_ಸ್ವಾಮಿ

ಬಾಕ್ಸ್ ಅಂತ ಅವಸರ ಬೇಡ. ನಿಮ್ಮ ರಫ್ ಬುಕ್ ಹೇಳ್ತಿರೋದು ಬೇರೆ, ಒಂದು ಕಾರಿಗೆ ಎರಡು ಕಾಯಿಲೆ. ಏಳು ಸಲದ್ದು ಹುಬ್ಬಳ್ಳಿಯವರು ಹೇಳಿದ ರಬ್ಬರ್ ಕೊಳವೆ ಕೇಸು, ಅದನ್ನ ಹಾಗೇ ಹಿಡೀರಿ. ಹನ್ನೊಂದು ಸಲದ್ದು ಸಿಗ್ನಲ್ಲೇ ಮುಟ್ಟದೇ ಇರೋದು. ಎರಡು ರಿಮೋಟೂ ಒಟ್ಟಿಗೆ ಹಾಳಾಗೋದು ಕಷ್ಟ, ಹಾಗಾಗಿ ಕಾರಿನ ಒಳಗೇ ಏನೋ ಗಲಾಟೆ ಮಾಡ್ತಿದೆ. ಐದಾರು ತಿಂಗಳ ಹಿಂದೆ ಕಾರಿಗೆ ಹೊಸದಾಗಿ ಏನಾದ್ರೂ ಹಾಕಿಸಿದ್ರಾ? ಚಾರ್ಜರ್, ಎಲ್‌ಇಡಿ ಬಲ್ಬು, ಡ್ಯಾಶ್‌ಕ್ಯಾಮ್?

ಈ ರಿಮೋಟ್‌ಗಳು ಹೆಚ್ಚಾಗಿ 433.92 ಮೆಗಾಹರ್ಟ್ಸಲ್ಲಿ ಕೆಲಸ ಮಾಡೋದು. ಬಾಕ್ಸಿಂದ ಒಂದೇ ಒಂದು ತೆಳ್ಳನೆ ವೈರ್ ಸುಮ್ನೆ ಜೋತಾಡ್ತಾ ಇರತ್ತೆ, ಎಲ್ಲಿಗೂ ಕನೆಕ್ಟ್ ಆಗಿರಲ್ಲ, ಜನ ಅದನ್ನ ಬೇಡದ ವೈರ್ ಅಂತ ಕತ್ತರಿಸಿದ್ದೂ ನೋಡಿದೀನಿ. ಅದೇ ಆಂಟೆನಾ. ಆ ಫ್ರೀಕ್ವೆನ್ಸಿಗೆ ಕಾಲು ತರಂಗದ ಅಳತೆ ಹೆಚ್ಚುಕಮ್ಮಿ 17 ಸೆಂಟಿಮೀಟರ್, ಅದಕ್ಕೇ ಆ ವೈರ್ ಒಂದು ಗೇಣಿಗಿಂತ ಕೊಂಚ ಕಮ್ಮಿ ಇರೋದು. ಅದು ಬಿಡಿಯಾಗಿ, ಮೇಲ್ಗಡೆ ಚಾಚಿಕೊಂಡಿರಬೇಕು. ಅಗ್ಗದ ಚಾರ್ಜರ್ ಒಳಗೆ 12 ವೋಲ್ಟನ್ನ 5ಕ್ಕೆ ಇಳಿಸೋ ಸರ್ಕ್ಯೂಟ್ ಇರತ್ತಲ್ಲ, ಅದರ ಗದ್ದಲ ಪಕ್ಕದಲ್ಲೇ ಇದ್ರೆ ರಿಮೋಟಿನ ಪಿಸುಮಾತು ಇದಕ್ಕೆ ಕೇಳೋದೇ ಇಲ್ಲ.

ಪುಟ್ಟಕ್ಕ_ದಾವಣಗೆರೆ

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಮ್ಮದು ಶೋರೂಮಿಂದಲೇ ಬಂದ ರಿಮೋಟ್ ಕೀ, ಮೊಮ್ಮಗ ರಜಕ್ಕೆ ಬಂದಾಗ ಇಡೀ ದಿನ ಒತ್ತಿ ಆಟ ಆಡಿದ ಮೇಲೆ ಕೆಲಸ ಮಾಡ್ತಿಲ್ಲ, ಕಾರು ಮಾತ್ರ ಸ್ಟಾರ್ಟ್ ಆಗತ್ತೆ. ಇದೂ ಅದೇನಾ?

ಸೋಲ್ಡರ್_ಸ್ವಾಮಿ

ಇಲ್ಲಕ್ಕ, ನಿಮ್ಮದು ಬೇರೆ. ರಿಮೋಟ್ ಪ್ರತಿ ಸಲ ಒತ್ತಿದಾಗ ಹೊಸ ಕೋಡ್ ಕಳಿಸತ್ತೆ, ಕಾರು ಹತ್ತಿರ ಇಲ್ದೇ ತುಂಬಾ ಒತ್ತಿದ್ರೆ ರಿಮೋಟಿನ ಲೆಕ್ಕ ಮುಂದೆ ಹೋಗಿ ಕಾರಿನ ಲೆಕ್ಕ ಹಿಂದೆ ಉಳಿಯತ್ತೆ. ಕಾರಿನ ಪಕ್ಕ ನಿಂತು ಬಿಟ್ಟು ಬಿಟ್ಟು ಎರಡು ಮೂರು ಸಲ ಒತ್ತಿ, ಎಷ್ಟೋ ಕಾರಲ್ಲಿ ಅಷ್ಟಕ್ಕೇ ಲೆಕ್ಕ ಕೂಡಿಬರತ್ತೆ. ಆಗ್ಲಿಲ್ಲ ಅಂದ್ರೆ ಕಾರಿನ ಜೊತೆ ಕೊಟ್ಟ ಪುಸ್ತಕ ನೋಡಿ. ಸೆಲ್ಲೂ ಬದಲಾಯಿಸಿ, ಮೊಮ್ಮಗ ಮುಗಿಸಿರ್ತಾನೆ. ಸ್ಟಾರ್ಟ್ ಆಗೋ ಚಿಪ್ ಬೇರೆ, ಅದಕ್ಕೆ ಆ ಸೆಲ್ ಬೇಡ.

ತೀರ್ಥಹಳ್ಳಿ_ಕಾರು

ಎರಡು ವಾರ ಆದ್ಮೇಲೆ ಬರೀತಿದೀನಿ, ಅಡಿಕೆ ಕೊಯ್ಲು ನಡೀತಿತ್ತು, ಸಾರಿ.

ಸ್ವಾಮಿಗಳೇ ನೀವು ಡ್ಯಾಶ್‌ಕ್ಯಾಮ್ ಅಂದ ತಕ್ಷಣ ನಂಗೆ ಹೊಳೀತು. ಸರಿಯಾಗಿ ಆ ಸಮಯಕ್ಕೇ ಹಾಕ್ಸಿದ್ದೆ, ಪಾರ್ಕಿಂಗಲ್ಲೂ ರೆಕಾರ್ಡ್ ಆಗ್ಲಿ ಅಂತ ನೇರ ಬ್ಯಾಟರಿ ಲೈನಿಂದ ಕೊಟ್ಟಿದ್ರು. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದ್ರೆ ಆಂಟೆನಾ ವೈರನ್ನ ಕ್ಯಾಮ್ ವೈರ್ ಜೊತೆ ಸುತ್ತಿ ಸುತ್ತಿ ಟ್ಯಾಗ್ ಹಾಕಿ ಬಿಗಿದಿದಾರೆ, ನೋಡೋಕೆ ನೀಟಾಗಿದೆ ಪಾಪ! ಕ್ಯಾಮ್ ಪ್ಲಗ್ ಕಿತ್ತು ಒತ್ತಿದ್ರೆ ಅಂಗಳದ ಆ ತುದಿಯಿಂದ ಲಾಕ್ ಆಯ್ತು, ಪ್ಲಗ್ ಹಾಕಿದ್ರೆ ಎರಡು ಹೆಜ್ಜೆಗೂ ಇಲ್ಲ. ಕೊನೆಗೆ ಆಂಟೆನಾ ಬಿಡಿಸಿ ಎಡಗಡೆ ಮೇಲಕ್ಕೆ ಟೇಪ್ ಹಾಕಿ ನಿಲ್ಲಿಸಿದೀನಿ, ಪಾರ್ಕಿಂಗ್ ರೆಕಾರ್ಡಿಂಗ್ ಆಫ್ ಮಾಡಿದೀನಿ.

ರಬ್ಬರ್ ಕೊಳವೇನೂ ಎಳೆದು ನೋಡ್ದೆ. ಹುಬ್ಬಳ್ಳಿ ಅಣ್ಣಾ, ಬ್ರೌನ್ ವೈರಿನ ಮೈ ಪೂರ್ತಿ ಸುಲಿದಿತ್ತು, ನೀಲಿ ಒಳಗೇ ತುಂಡಾಗಿ ಪ್ಲಾಸ್ಟಿಕ್ಕಲ್ಲಿ ನೇತಾಡ್ತಿತ್ತು. ಪರಿಚಯದ ಹುಡುಗ 350 ರೂಪಾಯಿ ತಗೊಂಡು ಜಾಯಿಂಟ್ ಮಾಡಿಕೊಟ್ಟ. ಹತ್ತು ದಿನದಿಂದ ಒಂದು ಸಲಾನೂ ತಪ್ಪಿಲ್ಲ.

ಹುಬ್ಬಳ್ಳಿ_ವೈರಿಂಗ್

ಭಾಳ ಚೊಲೋ ಆತ್ರಿ. ಆದ್ರ ಜಾಯಿಂಟ್ ಎಲ್ಲಿ ಹಾಕ್ಯಾನ ನೋಡ್ರಿ, ಆ ರಬ್ಬರಿನ ಒಳಗ ಹಾಕಿದ್ರ ಸೋಲ್ಡರ್ ಮಾಡಿದ ಜಾಗಾ ಬಾಗೂದಿಲ್ಲ, ಅದರ ಬಾಜೂನ ಮತ್ತ ಮುರೀತಾವ. ಸಣ್ಣ ಎಳಿ ಇರೋ ಮೆತ್ತನ್ ವೈರ್ ಒಂದ್ ಮೊಳಾ ತಗೊಂಡು, ಒಂದ್ ಜಾಯಿಂಟ್ ಬಾಗಲದೊಳಗ, ಇನ್ನೊಂದು ಕಾರಿನ ಒಳಗ ಬರೋ ಹಂಗ ಹಾಕಸ್ರಿ, ನಡಕ ಬರೇ ವೈರ್ ಇರ್ಲಿ.

ತೀರ್ಥಹಳ್ಳಿ_ಕಾರು

ಅಯ್ಯೋ, ರಬ್ಬರ್ ಒಳಗೇ ಹಾಕಿದಾನೆ. ಭಾನುವಾರ ಮತ್ತೆ ಕರೀತೀನಿ.