ಮೈಕ್ರೊಫೋನ್ ಅರೇಯಿಂದ ಧ್ವನಿಮೂಲದ ಚಿತ್ರಣ: ಹುಸಿ ಮೂಲಗಳ ನಿವಾರಣೆ ಹೇಗೆ?

ಧ್ವನಿಕುತೂಹಲಿ (ಪ್ರಶ್ನೆ):
ನಮಸ್ಕಾರ. ಬ್ಲೋವರ್ ಒಂದರ ಸದ್ದು ಅದರ ಯಾವ ಭಾಗದಿಂದ ಹೊರಡುತ್ತಿದೆ ಎಂದು ತಿಳಿಯಲು, 64 ಮೆಮ್ಸ್ (ಚಿಪ್ ರೂಪದ ಪುಟ್ಟ) ಮೈಕ್ರೊಫೋನುಗಳನ್ನು ಒಂದು ಮೀಟರ್ ಉದ್ದಗಲದ ಹಲಗೆಯ ಮೇಲೆ ಸಾಲಿಗೆ ಎಂಟರಂತೆ ಸಮಾನ ಅಂತರದಲ್ಲಿ ಕೂರಿಸಿ, ಈ ಅರೇಯನ್ನು (ಮೈಕ್ರೊಫೋನ್ ಸಮೂಹವನ್ನು) ಯಂತ್ರದಿಂದ 1.5 ಮೀಟರ್ ದೂರದಲ್ಲಿ ನಿಲ್ಲಿಸಿದ್ದೇನೆ. ಸಾಮಾನ್ಯ ಡಿಲೇ-ಅಂಡ್-ಸಮ್ ಬೀಮ್‌ಫಾರ್ಮಿಂಗ್ (ಪ್ರತಿ ಮೈಕ್ರೊಫೋನಿಗೆ ಸದ್ದು ತಲುಪುವ ತಡವನ್ನು ಸರಿದೂಗಿಸಿ ಎಲ್ಲವನ್ನೂ ಕೂಡಿಸುವ ವಿಧಾನ) ಬಳಸಿದಾಗ, 500 ಹರ್ಟ್ಸ್‌ನಲ್ಲಿ ಇಡೀ ಯಂತ್ರವೇ ಒಂದು ದೊಡ್ಡ ಮಚ್ಚೆಯಾಗಿ ಕಾಣುತ್ತದೆ. 4000 ಹರ್ಟ್ಸ್‌ನಲ್ಲಿ ಮೂಲವು ಚಿಕ್ಕದಾಗಿ ಕಂಡರೂ, ಅದರ ನಾಲ್ಕೂ ದಿಕ್ಕಿಗೆ ಒಂದು ಮೀಟರಿಗಿಂತ ತುಸು ಆಚೆ, ಏನೂ ಇಲ್ಲದ ಜಾಗಗಳಲ್ಲಿ, ಅಷ್ಟೇ ಪ್ರಬಲವಾದ ಮೂಲಗಳು ಮೂಡುತ್ತವೆ. ಮೈಕ್ರೊಫೋನುಗಳನ್ನು ಹೆಚ್ಚಿಸಬೇಕೇ, ಅಥವಾ ಲೆಕ್ಕದ ವಿಧಾನವನ್ನು ಬದಲಿಸಬೇಕೇ?

ಅಲೆಮಾಪಕ:
ಸದ್ಯಕ್ಕೆ ಎರಡೂ ಬೇಡ. ಮೊದಲು ಜೋಡಣೆಯನ್ನು ಬದಲಿಸಿ. ನಿಮ್ಮ ಮೈಕ್ರೊಫೋನುಗಳ ನಡುವಿನ ಅಂತರ ಸುಮಾರು 14.3 ಸೆಂಟಿಮೀಟರ್. 4000 ಹರ್ಟ್ಸ್ ಸದ್ದಿನ ತರಂಗಾಂತರ ಸುಮಾರು 8.6 ಸೆಂಟಿಮೀಟರ್ ಆದ್ದರಿಂದ, ಸುಮಾರು 37 ಡಿಗ್ರಿ ಓರೆಯಿಂದ ಬರುವ ಅಲೆಯು ಪಕ್ಕಪಕ್ಕದ ಮೈಕ್ರೊಫೋನುಗಳನ್ನು ಸರಿಯಾಗಿ ಒಂದು ತರಂಗಾಂತರದ ವ್ಯತ್ಯಾಸದಲ್ಲಿ ತಲುಪುತ್ತದೆ. ಅದಕ್ಕೂ ನೇರ ಎದುರಿನಿಂದ ಬಂದ ಅಲೆಗೂ ಇರುವ ಭೇದವನ್ನು ಅರೇ ಗುರುತಿಸಲಾರದು. 1.5 ಮೀಟರ್ ದೂರದಲ್ಲಿ ಆ ಓರೆ ಎಂದರೆ ಮೂಲದಿಂದ ಸುಮಾರು 1.1 ಮೀಟರ್ ಆಚೆ, ಅಂದರೆ ನಿಮ್ಮ ಹುಸಿ ಮೂಲಗಳು ಕಾಣಿಸುತ್ತಿರುವ ಜಾಗವೇ. ಅದೇ 64 ಮೈಕ್ರೊಫೋನುಗಳನ್ನು ಹಲವು ತೋಳುಗಳ ಸುರುಳಿಯಲ್ಲಿ, ಯಾವ ಅಂತರವೂ ಪದೇ ಪದೇ ಮರುಕಳಿಸದಂತೆ ಜೋಡಿಸಿದರೆ, ಈ ಪ್ರಬಲ ಹುಸಿ ಮೂಲಗಳು ಒಡೆದು ಕ್ಷೀಣವಾದ ಹಿನ್ನೆಲೆಯಾಗಿ ಹರಡಿಹೋಗುತ್ತವೆ.

500 ಹರ್ಟ್ಸ್‌ನ ಮಚ್ಚೆಗೆ ಕಾರಣ ಬೇರೆ. ಅಲ್ಲಿ ತರಂಗಾಂತರವೇ 69 ಸೆಂಟಿಮೀಟರ್ ಇರುವಾಗ, ಒಂದು ಮೀಟರ್ ಅಗಲದ ಅರೇ 1.5 ಮೀಟರ್ ದೂರದಿಂದ ಬೇರ್ಪಡಿಸಬಲ್ಲ ಅಂತರ ಸುಮಾರು 1.25 ಮೀಟರ್. ಹಲಗೆಯನ್ನು ದೊಡ್ಡದಾಗಿಸಬೇಕು, ಇಲ್ಲವೇ ಯಂತ್ರದ ಹತ್ತಿರಕ್ಕೆ ತರಬೇಕು.

ಗಾಳಿಸುರಂಗ:
ಮೇಲಿನ ಮಾತು ಸರಿ, ಆದರೆ ಲೆಕ್ಕದ ವಿಧಾನದಿಂದಲೂ ಸಾಕಷ್ಟು ಲಾಭವಿದೆ. ಕ್ರಾಸ್-ಸ್ಪೆಕ್ಟ್ರಲ್ ಮ್ಯಾಟ್ರಿಕ್ಸ್‌ನ (ಮೈಕ್ರೊಫೋನುಗಳ ಸದ್ದನ್ನು ಎರಡೆರಡಾಗಿ ಹೋಲಿಸಿದ ಕೋಷ್ಟಕ) ಮುಖ್ಯ ಕರ್ಣವನ್ನು, ಅಂದರೆ ಪ್ರತಿ ಮೈಕ್ರೊಫೋನನ್ನು ಅದರೊಂದಿಗೇ ಹೋಲಿಸಿದ ಬೆಲೆಗಳನ್ನು, ತೆಗೆದುಹಾಕಿದರೆ, ಆಯಾ ಮೈಕ್ರೊಫೋನಿಗೆ ಮಾತ್ರ ಸೀಮಿತವಾದ ಗಾಳಿಯ ಬಡಿತ ಮತ್ತು ಸ್ವಂತ ಗದ್ದಲ ಬಹುಮಟ್ಟಿಗೆ ಹೋಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 30 ಸೆಕೆಂಡು ದಾಖಲಿಸಿ 4096 ಮಾದರಿಗಳ ತುಂಡುಗಳಾಗಿ ವಿಭಜಿಸಿದರೆ ಸರಾಸರಿಗೆ ಸುಮಾರು 350 ತುಂಡುಗಳು ಸಿಗುತ್ತವೆ. 64 ಮೈಕ್ರೊಫೋನುಗಳಿಗೆ ಅಷ್ಟಾದರೂ ಬೇಕು.

ಆಮೇಲೆ, ಅತಿ ಪ್ರಬಲ ಮೂಲದಿಂದ ಆರಂಭಿಸಿ ಒಂದೊಂದಾಗಿ ಮೂಲಗಳನ್ನು ಗುರುತಿಸಿ ಅವುಗಳ ನೆರಳನ್ನು ಚಿತ್ರದಿಂದ ಕಳೆಯುವ ಕ್ಲೀನ್-ಎಸ್‌ಸಿ ಪ್ರಯತ್ನಿಸಿ. ಇದರ ಮೂಲ ವಿಚಾರ 1974ರಲ್ಲಿ ಹೋಗ್‌ಬೊಮ್ ಅವರು ರೇಡಿಯೊ ಖಗೋಳ ವಿಜ್ಞಾನಕ್ಕಾಗಿ ರೂಪಿಸಿದ ಕ್ಲೀನ್ ವಿಧಾನ (ಗೌರಿಬಿದನೂರಿನ ಆಂಟೆನಾ ಸಾಲುಗಳೂ ಆಕಾಶವನ್ನು ನೋಡುವುದು ಇದೇ ಬಗೆಯ ತತ್ತ್ವದಿಂದ). 2007ರಲ್ಲಿ ಸೈಟ್ಸ್‌ಮಾ ಅದನ್ನು ಧ್ವನಿಗೆ ಒಗ್ಗಿಸಿದರು. ಪೈಥಾನ್ ಬಳಸುವವರಾದರೆ ಅಕೌಲರ್ ಎಂಬ ಮುಕ್ತ ತಂತ್ರಾಂಶದಲ್ಲಿ ಇದು ಸಿದ್ಧವಾಗಿ ಸಿಗುತ್ತದೆ.

ಅಲೆಮಾಪಕ:
ಕ್ಲೀನ್-ಎಸ್‌ಸಿಯನ್ನು ಬ್ಲೋವರಿಗೆ ಬಳಸುವಾಗ ಒಂದು ಎಚ್ಚರ ಅಗತ್ಯ. ಅತಿ ಪ್ರಬಲ ಮೂಲದೊಂದಿಗೆ ಸುಸಂಬದ್ಧವಾಗಿರುವ (ಅದರ ಅಲೆಯೊಂದಿಗೆ ಸ್ಥಿರವಾಗಿ ಹೊಂದಿಕೊಂಡು ಬರುವ) ಎಲ್ಲವನ್ನೂ ಅದು ಆ ಮೂಲದ ನೆರಳೆಂದು ಭಾವಿಸಿ ಅಳಿಸುತ್ತದೆ. ಬ್ಲೇಡುಗಳ ಒಂದೇ ಸ್ವರವು ಗಾಳಿ ಒಳಸೇರುವ ಬಾಯಿಂದಲೂ ಹೊರಹೋಗುವ ಬಾಯಿಂದಲೂ ಹೊಮ್ಮುತ್ತಿದ್ದರೆ, ಎರಡರಲ್ಲಿ ದುರ್ಬಲವಾದದ್ದು ಚಿತ್ರದಿಂದಲೇ ಮಾಯವಾಗಬಹುದು. ಆ ಸ್ವರದ ಆವೃತ್ತಿಯಲ್ಲಿ ಸಾಮಾನ್ಯ ಬೀಮ್‌ಫಾರ್ಮಿಂಗ್ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡದೆ ತೀರ್ಮಾನಕ್ಕೆ ಬರಬೇಡಿ.

ಧ್ವನಿಕುತೂಹಲಿ:
ಇಬ್ಬರಿಗೂ ಧನ್ಯವಾದಗಳು. ಕಾಲ್ಪನಿಕ ಬಿಂದುಮೂಲವೊಂದನ್ನು ಗಣಕದಲ್ಲಿಟ್ಟು ನೋಡಿದಾಗಲೂ ಹುಸಿ ಮೂಲಗಳು ಅದೇ ಜಾಗದಲ್ಲಿ ಬಂದವು. ಸುರುಳಿ ಜೋಡಣೆಯಲ್ಲಿ ಅವು ಬರಲಿಲ್ಲ. ಇನ್ನೆರಡು ಸಂದೇಹಗಳಿವೆ. ಕಾಂಕ್ರೀಟ್ ನೆಲದ ಪ್ರತಿಫಲನಕ್ಕೆ ಏನು ಮಾಡಬೇಕು? ಕೋಣೆಯ ಉಷ್ಣತೆಯನ್ನು ಎಷ್ಟು ನಿಖರವಾಗಿ ಅಳೆಯಬೇಕು?

ಗಾಳಿಸುರಂಗ:
ಉಷ್ಣತೆಯ ಚಿಂತೆ ಅಷ್ಟಾಗಿ ಬೇಡ. ಒಂದು ಡಿಗ್ರಿಗೆ ಧ್ವನಿವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಮಾತ್ರ ಬದಲಾಗುವುದರಿಂದ ಸಾಧಾರಣ ಉಷ್ಣಮಾಪಕ ಸಾಕು. ಹಲಗೆ ಬಾಗಿ ಮೈಕ್ರೊಫೋನೊಂದು ಯಂತ್ರದ ಕಡೆಗೆ ಒಂದು ಸೆಂಟಿಮೀಟರ್ ಸರಿದರೆ 4000 ಹರ್ಟ್ಸ್‌ನಲ್ಲಿ 42 ಡಿಗ್ರಿಯಷ್ಟು ಫೇಸ್ ದೋಷವಾಗುತ್ತದೆ (ಒಂದು ಪೂರ್ಣ ಅಲೆ ಎಂದರೆ 360 ಡಿಗ್ರಿ). ಕಾಳಜಿ ವಹಿಸಬೇಕಾದದ್ದು ಅಲ್ಲಿ.

ನೆಲದ ಮೇಲೆ, ಯಂತ್ರಕ್ಕೂ ಅರೇಗೂ ನಡುವೆ, ದಪ್ಪನೆಯ ಫೋಮ್ ಹಾಸಿ. ತೆಳುವಾದ ಫೋಮ್ 4000 ಹರ್ಟ್ಸ್‌ನಲ್ಲಿ ಕೆಲಸಕ್ಕೆ ಬಂದೀತು, ಆದರೆ 500 ಹರ್ಟ್ಸ್‌ಗೆ ಕಾಲು ತರಂಗಾಂತರವೇ 17 ಸೆಂಟಿಮೀಟರ್ ಆಗುವುದರಿಂದ ಅಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಕೆಳ ಆವೃತ್ತಿಗಳಿಗೆ, ಮೂಲವು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ನೆಲದಡಿ ಅಷ್ಟೇ ಆಳದಲ್ಲಿ ಪ್ರತಿಬಿಂಬ ಮೂಲವೊಂದಿದೆ ಎಂದು ಭಾವಿಸಿ, ನೇರ ಹಾದಿ ಮತ್ತು ಪ್ರತಿಫಲಿತ ಹಾದಿ ಎರಡನ್ನೂ ಸ್ಟಿಯರಿಂಗ್ ವೆಕ್ಟರಿನಲ್ಲೇ (ಒಂದು ಬಿಂದುವಿನಿಂದ ಪ್ರತಿ ಮೈಕ್ರೊಫೋನಿಗೆ ಸದ್ದು ಹೇಗೆ ತಲುಪುತ್ತದೆ ಎಂಬ ಲೆಕ್ಕದಲ್ಲೇ) ಸೇರಿಸಿ ಲೆಕ್ಕ ಮಾಡಿ. ಅದಕ್ಕೆ ನೆಲದಿಂದ ಪ್ರತಿ ಮೈಕ್ರೊಫೋನಿನ ಎತ್ತರ ನಿಮಗೆ ಸರಿಯಾಗಿ ಗೊತ್ತಿರಬೇಕು.